ಶಾಂಪೇನ್ ವಜ್ರವನ್ನು ನಾನು ಆರಿಸಿಕೊಂಡ ಬಗೆ

ಮೊದಲ ಸಲ ಕೊಂಡ ಶಾಂಪೇನ್ ವಜ್ರವನ್ನು ನಾಲ್ಕೇ ದಿನಕ್ಕೆ ವಾಪಸ್ ಕೊಟ್ಟೆ. ಅಂಗಡಿಯ ದೀಪದಡಿ ಅದು ತಿಳಿ ಜೇನಿನ ಹಾಗೆ ಬೆಳಗಿತ್ತು. ಮರುದಿನ ಮೋಡ ಕವಿದ ಬೆಳಗ್ಗೆ ಕಿಟಕಿಯ ಬಳಿ ಕೂತು ಪೊಟ್ಟಣ ಬಿಚ್ಚಿದರೆ ಅದೇ ಹರಳು ಬೂದಿ ಕಲೆಸಿದ ಕಂದು. ಒರೆಸಿದೆ, ತಿರುಗಿಸಿದೆ, ಬಿಳಿ ಗೋಡೆಯ ಮುಂದೆ ಹಿಡಿದೆ. ಜೇನು ಮರಳಿ ಬರಲೇ ಇಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ, ಲ್ಯಾಬ್ ವರದಿಯೂ ಸರಿಯಾಗಿತ್ತು. ಒಂದು ಹೆಸರು ಮತ್ತು ಒಂದು ದೀಪ, ಇವೆರಡನ್ನೇ ನಂಬಿ ನಾನು ಕೊಂಡಿದ್ದೆ.

ಆಮೇಲೆ ಎರಡು ಸಲ ಕೊಂಡಿದ್ದೇನೆ, ಮೊದಲು ಉಂಗುರಕ್ಕೆ ಒಂದು ಹರಳು, ನಂತರ ಓಲೆಗೆ ಒಂದು ಜೊತೆ. ಎರಡನ್ನೂ ದಿನವೂ ಹಾಕಿಕೊಳ್ಳುತ್ತೇನೆ. ನಡುವೆ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ಶಾಂಪೇನ್ ಎನ್ನುವುದು ವ್ಯಾಪಾರದವರು ಇಟ್ಟ ಹೆಸರು. ಹರಳು ನಿಜಕ್ಕೂ ಕಂದು ವಜ್ರ. ಪಶ್ಚಿಮ ಆಸ್ಟ್ರೇಲಿಯಾದ ಆರ್ಗೈಲ್ ಗಣಿ 1980ರ ದಶಕದಲ್ಲಿ ಕೆಲಸ ಶುರುಮಾಡಿದಾಗ ಅಲ್ಲಿ ಸಿಕ್ಕಿದ್ದರಲ್ಲಿ ಬಹುಪಾಲು ಕಂದು ಹರಳುಗಳೇ. ಅಲ್ಲಿಯವರೆಗೆ ಕಂದು ವಜ್ರವೆಂದರೆ ಹೆಚ್ಚಾಗಿ ಕೊರೆಯುವ, ಉಜ್ಜುವ ಕಾರ್ಖಾನೆ ಕೆಲಸಕ್ಕೆ. ಅದನ್ನು ಒಡವೆಯ ಹರಳಾಗಿ ಮಾರಲು ಗಣಿಯವರು ಶಾಂಪೇನ್, ಕೊನ್ಯಾಕ್ ಎಂಬ ಹೆಸರುಗಳನ್ನು ಚಲಾವಣೆಗೆ ತಂದರು, ಸಿ1ರಿಂದ ಸಿ7ರವರೆಗೆ ಒಂದು ಅಳತೆಯನ್ನೂ ಮಾಡಿಕೊಂಡರು. ಸಿ1, ಸಿ2 ತೆಳು ಶಾಂಪೇನ್, ಸಿ3, ಸಿ4 ಮಧ್ಯಮ, ಸಿ5, ಸಿ6 ಗಾಢ, ಸಿ7 ಕೊನ್ಯಾಕ್. ಗಣಿ 2020ರಲ್ಲಿ ಮುಚ್ಚಿತು, ಅಳತೆ ಮಾತ್ರ ಮಾರುವವರ ಬಾಯಲ್ಲಿ ಉಳಿದಿದೆ. ಯಾವ ಗಣಿಯ ಹರಳನ್ನಾದರೂ ಈಗ ‘ಸಿ4’ ಎಂದು ತೋರಿಸುತ್ತಾರೆ. ಮಾತುಕತೆಗೆ ಅದು ಅನುಕೂಲವೇ, ಆದರೆ ಅದು ಹೇಳುವುದು ಬಣ್ಣ ಎಷ್ಟು ಗಾಢ ಎಂಬುದನ್ನಷ್ಟೇ. ನನ್ನ ಮೊದಲ ಹರಳೂ ಸಿ3 ಎಂದೇ ಬಂದಿತ್ತು. ಅದರಲ್ಲಿ ಬೂದು ಬೆರೆತಿದೆ ಎಂದು ಆ ಅಂಕೆ ಹೇಳಲಿಲ್ಲ.

ವಜ್ರಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಜಿಐಎ; ಅದರ ವರದಿಯಲ್ಲಿ ಶಾಂಪೇನ್ ಎಂಬ ದರ್ಜೆಯೇ ಇಲ್ಲ. ‘ಫ್ಯಾನ್ಸಿ ಬ್ರೌನ್’, ‘ಫ್ಯಾನ್ಸಿ ಯೆಲ್ಲೋಯಿಶ್ ಬ್ರೌನ್’ ಎಂಬಂಥ ಮಾತುಗಳು ಇರುತ್ತವೆ. ಇಲ್ಲಿ ಕೊನೆಯ ಪದವೇ ಯಜಮಾನ, ಅದರ ಹಿಂದಿನದು ಬೆರಕೆ. ಹಾಗಾಗಿ ‘ಯೆಲ್ಲೋಯಿಶ್ ಬ್ರೌನ್’ ಎಂದರೆ ಹಳದಿ ಬೆರೆತ ಕಂದು, ‘ಬ್ರೌನಿಶ್ ಯೆಲ್ಲೋ’ ಎಂದರೆ ಕಂದು ಬೆರೆತ ಹಳದಿ. ಎರಡೂ ಒಂದೇ ಎಂದುಕೊಂಡು ಓದುವವರನ್ನು ನೋಡಿದ್ದೇನೆ. ತೀರಾ ತೆಳು ಹರಳುಗಳು, ಬಿಳಿ ವಜ್ರಗಳಿಗೆ ಬಳಸುವ ಡಿಯಿಂದ (ಬಣ್ಣವಿಲ್ಲದ್ದು) ಝಡ್‌ವರೆಗಿನ (ತೆಳು ಬಣ್ಣದ್ದು) ಮಾಮೂಲು ಪಟ್ಟಿಯೊಳಗೇ ‘ಲೈಟ್ ಬ್ರೌನ್’ ಮುಂತಾದ ಮಾತಿನ ಜೊತೆ ಬರುತ್ತವೆ. ಆ ಪಟ್ಟಿಗೆ ಹರಳನ್ನು ಬೋರಲಾಗಿ ಇಟ್ಟು, ಕೆಳಭಾಗದ ಮೂಲಕ ಬಣ್ಣ ನೋಡುತ್ತಾರೆ. ಫ್ಯಾನ್ಸಿ ದರ್ಜೆಗೆ ಮೇಲ್ಮುಖದಿಂದ ನೋಡುತ್ತಾರೆ. ಒಡವೆಯಲ್ಲಿ ನಮಗೆ ಕಾಣುವುದು ಮೇಲ್ಮುಖವೇ. ಆದ್ದರಿಂದ ಮಾಮೂಲು ಪಟ್ಟಿಯ ದರ್ಜೆ ಪಡೆದ ಹರಳು ಉಂಗುರದಲ್ಲಿ ಕೂತ ಮೇಲೆ ನೆನೆಸಿದ್ದಕ್ಕಿಂತ ತೆಳುವಾಗಿ ಕಾಣಬಹುದು.

ಇನ್ನು ಬೆಳಕು. ಎರಡನೇ ಸಲ ಹೋದಾಗ ಜೇಬಿನಲ್ಲಿ ಒಂದು ದಪ್ಪ ಬಿಳಿ ಕಾಗದ ಇತ್ತು. ಅದನ್ನು ನಡುವೆ ಮಡಚಿ, ಮಡಿಕೆಯಲ್ಲಿ ಹರಳನ್ನು ಮಲಗಿಸಿ ನೋಡಿದರೆ ಸುತ್ತಲಿನ ಬಣ್ಣಗಳ ಕಾಟವಿಲ್ಲದೆ ಮೈಬಣ್ಣ ಕಾಣುತ್ತದೆ. ನೇರ ಬಿಸಿಲು ಇದಕ್ಕೆ ಬೇಡ, ಕಿಡಿಗಳೇ ಕಣ್ಣು ತುಂಬಿ ಮೈಬಣ್ಣ ಮುಚ್ಚಿಹೋಗುತ್ತದೆ. ನೆರಳಿರುವ ಕಿಟಕಿ ಅಥವಾ ಮೋಡದ ಹಗಲು ಒಳ್ಳೆಯದು. ಆಮೇಲೆ ಟ್ಯೂಬ್‌ಲೈಟ್, ಆಮೇಲೆ ಹಳದಿ ಬಲ್ಬು. ಹಳದಿ ದೀಪದಡಿ ಹೆಚ್ಚಿನ ಕಂದು ಹರಳು ಚೆನ್ನಾಗಿಯೇ ಕಾಣುತ್ತದೆ, ಆದ್ದರಿಂದ ಆ ದೀಪವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನೋಡುವ ಮೊದಲು ಹರಳನ್ನು ಒರೆಸಿಕೊಡಲು ಕೇಳಬೇಕು. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಬೆರಳಿನ ಗುರುತೇ ಅರ್ಧ ಹೊಳಪು ನುಂಗುತ್ತದೆ. ಕೊನೆಗೆ ಎರಡು ಬೆರಳುಗಳ ಸಂದಿನಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಕೈ ಚಾಚಿ ನೋಡಿದೆ. ಕಾಗದದ ಮೇಲೆ ಬಹಳ ಇಷ್ಟವಾಗಿದ್ದ ಒಂದು ತೆಳು ಹರಳು ನನ್ನ ಚರ್ಮದ ಬಣ್ಣದಲ್ಲಿ ಕರಗಿಹೋಯಿತು. ಅದನ್ನು ಅಲ್ಲೇ ಬಿಟ್ಟೆ.

ಅಂದು ಒಂಬತ್ತು ಹರಳು ನೋಡಿದೆ. ಗಾಢತೆ ಹೆಚ್ಚುಕಡಿಮೆ ಒಂದೇ, ಬೆರಕೆ ಮಾತ್ರ ಒಂದೊಂದಕ್ಕೂ ಬೇರೆ. ಬೂದು ಬೆರೆತದ್ದು ಸತ್ತಂತೆ ಕಾಣುತ್ತದೆ. ಹಸಿರು ಬೆರೆತದ್ದು ಪಾಚಿಗಟ್ಟಿದ ನೀರಿನ ಹಾಗೆ; ಅದನ್ನು ಮೆಚ್ಚುವವರಿದ್ದಾರೆ, ನನಗೆ ಒಗ್ಗಲಿಲ್ಲ. ಹಳದಿ ಬೆರೆತದ್ದು ಒಣಹುಲ್ಲಿನ ಬಣ್ಣ. ಕಿತ್ತಳೆ ಬೆರೆತರೆ ತಿಕ್ಕಿ ತೊಳೆದ ತಾಮ್ರದ ಬೆಚ್ಚಗಿನ ಮಿನುಗು. ಗುಲಾಬಿ ಬೆರೆತದ್ದು ಅಪರೂಪ, ಬೆಲೆಯೂ ಹಾಗೇ ಏರುತ್ತದೆ. ನಾನು ಆರಿಸಿದ್ದು ಕಿತ್ತಳೆ ಬೆರೆತ 0.92 ಕ್ಯಾರೆಟ್‌ನ, ಮೂಲೆ ದುಂಡಾದ ಚೌಕದ ಹಾಗೆ ಕೆತ್ತಿದ ಕುಶನ್ ಕಟ್ ಹರಳು. ಒಂದು ಕ್ಯಾರೆಟ್ ತುಂಬಿದ ಹರಳಿಗೆ ಆ ಅಂಕೆಯ ಕಾರಣಕ್ಕೇ ಹೆಚ್ಚು ಕೇಳುತ್ತಾರೆ. ಬೆರಳಿನ ಮೇಲೆ ಅಷ್ಟು ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಕಟ್ ಬಗ್ಗೆ, ಅಂದರೆ ಹರಳನ್ನು ಕೆತ್ತಿದ ಬಗೆಯ ಬಗ್ಗೆ, ಬಿಳಿ ವಜ್ರದ ತರ್ಕವನ್ನು ಇಲ್ಲಿ ಹಾಗೇ ಇಳಿಸಲಾಗದು. ಕುಶನ್, ಮೂಲೆ ಕತ್ತರಿಸಿದ ಚೌಕದಂಥ ರೇಡಿಯಂಟ್ ಕಟ್‌ಗಳು ಬಣ್ಣವನ್ನು ಒಳಗೇ ಓಡಾಡಿಸಿ ಗಾಢಗೊಳಿಸುತ್ತವೆ, ದುಂಡು ಬ್ರಿಲಿಯಂಟ್ ತುಸು ತೆಳುವಾಗಿಸುತ್ತದೆ. ಗಾಢ ಹರಳಿನಲ್ಲಿ ಕಟ್ ಕೆಟ್ಟಿದ್ದರೆ ನಡುಭಾಗ ಕಪ್ಪಾಗಿಬಿಡುತ್ತದೆ. ಓವಲ್‌ಗಳಲ್ಲಿ ಅಡ್ಡಕ್ಕೆ ಬಿಲ್ಲುಗಂಟಿನ ಆಕಾರದ ನೆರಳು ಬೀಳುವುದುಂಟು, ಕಂದಿನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಶುದ್ಧತೆಯ ವಿಷಯದಲ್ಲಿ ನಾನು ಸಡಿಲ ಬಿಟ್ಟೆ. ಸಣ್ಣಪುಟ್ಟ ಒಳಕಲೆಗಳು ಕಂದು ಮೈಯಲ್ಲಿ ಅಡಗಿಕೊಳ್ಳುತ್ತವೆ, ಕಣ್ಣಿಗೆ ಕಾಣದಿದ್ದರೆ ಎಸ್‌ಐ (ಲೂಪ್ ಎಂಬ ಸಣ್ಣ ಭೂತಗನ್ನಡಿಯಲ್ಲಿ ಒಳಕಲೆ ಕಾಣುವ) ದರ್ಜೆ ನನಗೆ ಸಾಕು.

ಹತ್ತು ಪಟ್ಟು ದೊಡ್ಡದಾಗಿಸುವ ಲೂಪ್‌ನಲ್ಲಿ ಹರಳನ್ನು ಓರೆ ಮಾಡಿದಾಗ ಒಳಗೆ ತೆಳು ಕಂದು ಗೆರೆಗಳು ಒಂದರ ಪಕ್ಕ ಒಂದು ಸಾಗಿದ್ದವು. ದೋಷವೆಂದು ಹೆದರಿದೆ. ನಿಜವಾಗಿ ಬಣ್ಣ ಕೂತಿರುವುದೇ ಅಲ್ಲಿ. ನೆಲದಾಳದ ಒತ್ತಡ, ಕಾವಿನಲ್ಲಿ ಹರಳಿನ ಪರಮಾಣುಗಳ ಜೋಡಣೆ ಜಾರಿ ಬಾಗುತ್ತದೆ, ಆಗ ಜಾಲರಿಯಲ್ಲಿ ಉಳಿಯುವ ಖಾಲಿ ಜಾಗಗಳ ಗುಂಪುಗಳು ಬೆಳಕನ್ನು ಹೀರುತ್ತವೆ. ಹೆಚ್ಚಿನ ಕಂದು ವಜ್ರಗಳ ಬಣ್ಣ ಹೀಗೆ ಹುಟ್ಟಿದ್ದು. ಇದು ತಿಳಿದ ಮೇಲೆ ಆ ಗೆರೆಗಳ ಮೇಲೆ ನನಗೆ ಅಕ್ಕರೆಯೇ ಬಂತು. ಮೇಲ್ಮುಖದಿಂದ ಬಣ್ಣ ತೇಪೆತೇಪೆಯಾಗಿ ಕಾಣದಿದ್ದರೆ ಆಯಿತು.

ವರದಿಯಲ್ಲಿ ನಾನು ಮೊದಲು ಹುಡುಕುವ ಸಾಲು ‘ಬಣ್ಣದ ಮೂಲ’. ಅಲ್ಲಿ ನೈಸರ್ಗಿಕ ಎಂದಿರಬೇಕು. ವಿಕಿರಣ ಹಾಯಿಸಿ, ಕಾಯಿಸಿ ಬಣ್ಣ ಬದಲಿಸಿದ ವಜ್ರಗಳಿವೆ. ಲ್ಯಾಬಿನಲ್ಲಿ ಅನಿಲದಿಂದ ಪದರಪದರವಾಗಿ ಬೆಳೆಸುವ ಸಿವಿಡಿ ವಿಧಾನದಿಂದ ಬಂದ ವಜ್ರಕ್ಕೂ ಬೆಳೆಯುವಾಗಲೇ ಕಂದು ಛಾಯೆ ಬರಬಹುದು. ಅವನ್ನು ಹಾಗೆಂದು ಹೇಳಿ ಮಾರಿದರೆ ನನ್ನ ತಕರಾರಿಲ್ಲ. ಬರಿಗಣ್ಣಿಗೆ ಅಂತರ ತಿಳಿಯದು, ಆದ್ದರಿಂದ ‘ನೈಸರ್ಗಿಕ ವಜ್ರ, ನೈಸರ್ಗಿಕ ಬಣ್ಣ’ ಎಂದು ಬಿಲ್ಲಿನ ಮೇಲೂ ಬರೆಸಿಕೊಂಡೆ.

ಲೋಹ ಆರಿಸಿದ ದಿನವೇ ನನಗೆ ಹೆಚ್ಚು ಖುಷಿ ಕೊಟ್ಟದ್ದು. ಅಕ್ಕಸಾಲಿಗರು ಮೂರು ಖಾಲಿ ಉಂಗುರಗಳ ಮೇಲೆ ಚೂರು ಮೇಣ ಇಟ್ಟು, ಒಂದಾದ ಮೇಲೊಂದರಂತೆ ಪ್ರತಿಯೊಂದರ ಮೇಲೂ ಹರಳನ್ನು ಕೂರಿಸಿ ತೋರಿಸಿದರು. ಬಿಳಿ ಚಿನ್ನದಲ್ಲಿ ಕಂದು ಗಡಿ ಕೊರೆದಂತೆ ಎದ್ದು ಕಂಡಿತು, ಸ್ವಲ್ಪ ತಣ್ಣಗೂ ಅನಿಸಿತು. ಹಳದಿ ಚಿನ್ನ ತನ್ನ ಬಣ್ಣವನ್ನೇ ಮುಂದೆ ಮಾಡಿ ಹರಳನ್ನು ಮಾಸಿದ ಬಿಳಿ ವಜ್ರದಂತೆ ತೋರಿಸಿತು. ತಾಮ್ರ ಬೆರೆತ ನಸುಗೆಂಪು ಚಿನ್ನ, ಅಂದರೆ ರೋಸ್ ಗೋಲ್ಡ್ ಮೇಲೆ ಇಟ್ಟ ಕ್ಷಣ ಒಳಗಿನ ಕಿತ್ತಳೆ ಎಚ್ಚರಗೊಂಡಿತು. “ನೋಡಿ ಮೇಡಂ, ಹರಳಿನ ಕೆಳಗಿನ ಬಟ್ಟಲು ಯಾವ ಬಣ್ಣವೋ ಅದೇ ಒಳಗಿಂದ ಮೇಲಕ್ಕೆ ಬರುತ್ತೆ” ಎಂದರು ಅವರು. ಬಟ್ಟಲೂ ರೋಸ್ ಗೋಲ್ಡ್‌ನದೇ ಇರಲಿ ಎಂದು ಹೇಳಿ ಬಂದೆ.

ಓಲೆಯ ಜೊತೆಗೆ ತಾಳ್ಮೆ ಇನ್ನೂ ಹೆಚ್ಚು ಬೇಕಾಯಿತು. ಎರಡು ಹರಳನ್ನು ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಜಾಗ ಅದಲುಬದಲು ಮಾಡಿ ಮತ್ತೆ ನೋಡಬೇಕು. ಕಿಟಕಿಯ ಕಡೆಗಿರುವ ಹರಳು ಯಾವಾಗಲೂ ತೆಳುವಾಗಿ ಕಾಣುತ್ತದೆ, ಬದಲಿಸಿದಾಗ ಮಾತ್ರ ನಿಜ ಗೊತ್ತಾಗುತ್ತದೆ. ಕಿವಿಗಳ ನಡುವೆ ಮುಖವೇ ಇರುವುದರಿಂದ ಗಾಢತೆಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನು ಒಪ್ಪಿಕೊಂಡೆ. ಬೆರಕೆಯ ಬಣ್ಣ ಬೇರೆಯಾದರೆ ಮಾತ್ರ ಒಪ್ಪಲಿಲ್ಲ. ಒಂದು ಕಿವಿಯಲ್ಲಿ ತಾಮ್ರ, ಇನ್ನೊಂದರಲ್ಲಿ ಒಣಹುಲ್ಲು ಆದರೆ ಎದುರಿಗೆ ಕೂತವರಿಗೆ ಏನೋ ಹೊಂದುತ್ತಿಲ್ಲ ಎಂದು ತಿಳಿದೇ ತಿಳಿಯುತ್ತದೆ. ಸರಿಯಾದ ಜೊತೆ ಸಿಗಲು ಐದು ತಿಂಗಳು ಹಿಡಿಯಿತು.

ಉಂಗುರದ ಹರಳನ್ನು ಕೂರಿಸಲು ಕೊಡುವ ಮೊದಲು ಲೂಪ್‌ನಲ್ಲಿ ನೋಡಿ, ಅಂಚಿನ ಹತ್ತಿರ ಇರುವ ಸೂಜಿಮೊನೆಯಷ್ಟು ಬಿಳಿ ಚುಕ್ಕೆಯ ಜಾಗವನ್ನು ವರದಿಯಲ್ಲಿರುವ ಹರಳಿನ ನಕ್ಷೆಯಲ್ಲಿ ಗುರುತು ಮಾಡಿಕೊಂಡಿದ್ದೆ, ವಾಪಸ್ ಬರುವುದು ಅದೇ ಹರಳೇ ಎಂದು ತಿಳಿಯಲು. ಉಂಗುರ ಕೈಗೆ ಬಂದಾಗ ಹಣ ಕೊಡುವ ಮೊದಲು ಮತ್ತೆ ನೋಡಿದೆ. ಚುಕ್ಕೆ ಅಲ್ಲೇ ಇತ್ತು, ಹರಳನ್ನು ಹಿಡಿದಿಡುವ ಎರಡು ಪ್ರಾಂಗ್‌ಗಳ ನಡುವೆ.