ಪ್ಯಾಡ್ ಕಟ್ಟಿಕೊಂಡು ಕಲಿತ ಹಳಗನ್ನಡ

ಕನ್ನಡ ಎಂ.ಎ. ಓದುತ್ತಾ ಯೂನಿವರ್ಸಿಟಿ ಟೀಮಿಗೆ ಆಡುತ್ತಿದ್ದೆ ಅಂದರೆ ಜನ ಈಗಲೂ ನಂಬುವುದಿಲ್ಲ. ನಮ್ಮಲ್ಲಿ ಓದು, ಕ್ರಿಕೆಟ್ ಎರಡೂ ಮಾಡಿದವರು ಅಂದರೆ ಎಂಜಿನಿಯರುಗಳೇ ನೆನಪಾಗುತ್ತಾರೆ. ಪ್ರಸನ್ನ, ಶ್ರೀನಾಥ್, ಕುಂಬ್ಳೆ ಎಲ್ಲರೂ ಅದೇ ಅಲ್ವಾ?

ಮೈಸೂರು ಯೂನಿವರ್ಸಿಟಿಯ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಕ್ಲಾಸು. ಬೆಳಿಗ್ಗೆ ನೆಟ್ಸ್, ಆಮೇಲೆ ಪಂಪ, ರನ್ನ. ಅಂತರ್ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋದ ದಿನಗಳಿಗೆ ಓ.ಡಿ. (ಆನ್ ಡ್ಯೂಟಿ) ಕೊಡುತ್ತಿದ್ದರು, ಹಾಜರಿಗೆ ತೊಂದರೆ ಇರಲಿಲ್ಲ. ಆದರೆ ಹಾಜರಿ ಸಿಕ್ಕ ಮಾತ್ರಕ್ಕೆ ಪದ್ಯ ಬರುತ್ತದೆಯೇ? ಹಳಗನ್ನಡ ಒಂದು ವಾರ ಬಿಟ್ಟರೆ ನಾಲಿಗೆ ತಿರುಗುವುದಿಲ್ಲ.

ನನಗೆ ದಾರಿ ತೋರಿಸಿದ್ದು ಕ್ರಿಕೆಟ್ಟಿನ ಕಾಯುವಿಕೆ. ಆರನೇ ನಂಬರಿನ ಬ್ಯಾಟ್ಸ್‌ಮನ್‌ಗೆ ಕಾಯುವುದೇ ಮುಖ್ಯ ಕೆಲಸ. ಓಪನರ್‌ಗಳು ನಿಂತುಬಿಟ್ಟರೆ ಅರ್ಧ ದಿನ ಸುಮ್ನೆ ಕೂತಿರಬೇಕು. ಒಂದು ಚಿಕ್ಕ ನೋಟ್‌ಬುಕ್ ಮಾಡಿಕೊಂಡೆ. ಎಡಪುಟದಲ್ಲಿ ಪದ್ಯ, ತಾಳೆಗರಿಯಲ್ಲಿ ಇರುವ ಹಾಗೆ ಪದ ಬಿಡಿಸದೆ. ಬಲಪುಟದಲ್ಲಿ ಬಿಡಿಸಿದ ರೂಪ, ಅರ್ಥ. ಬಲಪುಟ ಮುಚ್ಚಿಕೊಂಡು ಎಡಪುಟ ಓದುವುದು, ಅಷ್ಟೇ.

ಫೀಲ್ಡಿಂಗ್‌ನಲ್ಲಿ ನೋಟ್‌ಬುಕ್ ಇಲ್ಲ. ಅಲ್ಲಿ ಪದ್ಯದ ಲೆಕ್ಕ ಎಣಿಸಲು ಬೆರಳೇ ಸಾಧನ. ಕಂದಪದ್ಯದ ಒಂದೊಂದು ಗಣಕ್ಕೆ, ಅಂದರೆ ಅಕ್ಷರಗಳ ಗುಂಪಿಗೆ, ನಾಲ್ಕು ಮಾತ್ರೆ. ಮಾತ್ರೆ ಅಂದರೆ ಉಚ್ಚಾರದ ಅಳತೆ: ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು. ಮೊದಲ ಸಾಲಿಗೆ ಮೂರು ಗಣ, ಎರಡನೆಯದಕ್ಕೆ ಐದು. ಎಲ್ಲರಿಗೂ ಗೊತ್ತಿರುವ ಕವಿರಾಜಮಾರ್ಗದ ಪದ್ಯವನ್ನೇ ತಗೊಳ್ಳಿ: ಕಾವೇ, ರಿಯಿಂದ, ಮಾಗೋ. ಇಲ್ಲಿಗೆ ಮೊದಲ ಸಾಲು ಮುಗಿಯಿತು, ಗೋದಾವರಿ ಎರಡು ಹೋಳಾಯಿತು! ಮುಂದೆ ದಾವರಿ, ವರಮಿರ್, ದನಾಡ, ದಾಕನ್, ನಡದೊಳ್. ಎರಡೂ ಸಾಲು ಸೇರಿಸಿ ಎಣಿಸಿದರೆ ಆರನೇ ಗಣ 'ದನಾಡ': ಲಘು, ಗುರು, ಲಘು. ಈ ಜೋಡಣೆಗೆ ಜಗಣ ಅನ್ನುತ್ತಾರೆ. ಕಂದದಲ್ಲಿ ಆ ಜಾಗಕ್ಕೆ ಜಗಣ ಬರಬೇಕು, ಇಲ್ಲವೇ ನಾಲ್ಕೂ ಲಘು. ಇದೇ ಪದ್ಯದ ಉತ್ತರಾರ್ಧದಲ್ಲಿ ಅಲ್ಲಿ 'ನವಿಶದ' ಇದೆ, ನಾಲ್ಕೂ ಲಘು. ಎರಡೂ ನಿಯಮಕ್ಕೆ ಒಂದೇ ಪದ್ಯ ಸಾಕು.

ಕಂದದ ಅರ್ಧ ಭಾಗಕ್ಕೆ 32 ಮಾತ್ರೆ. ಬೌಲರ್ ತನ್ನ ಗುರುತಿಗೆ ವಾಪಸ್ ನಡೆಯುವಷ್ಟರಲ್ಲಿ ಆರಾಮಾಗಿ ಮುಗಿಯುತ್ತದೆ. ಅವನು ತಿರುಗಿದ ಕೂಡಲೇ ಪದ್ಯ ನಿಲ್ಲಿಸಬೇಕು, ಇದರಲ್ಲಿ ರಾಜಿ ಇಲ್ಲ. ಸ್ಪಿನ್ನರ್ ಇದ್ದರೆ ಅಷ್ಟೂ ಸಮಯ ಸಿಗದು. ಚಂಪಕಮಾಲೆ ಅನ್ನುವ ಇನ್ನೊಂದು ಛಂದಸ್ಸಿಗೆ ಸಾಲಿಗೆ 21 ಅಕ್ಷರ, ಅದನ್ನು ಓವರ್ ಬದಲಾಗುವಾಗ ಇಟ್ಟುಕೊಳ್ಳುತ್ತಿದ್ದೆ. ಕೀಪರ್ ಪಕ್ಕ ಸ್ಲಿಪ್‌ನಲ್ಲಿ ನಿಲ್ಲುವವರಿಗೆ ಈ ಯೋಗವಿಲ್ಲ. ನಾನು ಯಾವಾಗಲೂ ಥರ್ಡ್‌ಮ್ಯಾನ್, ದೂರದ ಬೌಂಡರಿ ಹತ್ತಿರ, ಹಾಗಾಗಿ ಬದುಕಿದೆ.

"ಏನ್ ಗುರು, ಫೀಲ್ಡಿಂಗ್‌ನಲ್ಲಿ ಜಪ ಮಾಡ್ತೀಯಾ?" ಅಂತ ಕೀಪರ್ ರೇಗಿಸುತ್ತಿದ್ದ. ಅವನು ಕಾಮರ್ಸ್ ಹುಡುಗ. ಟೂರಿನ ರೈಲಿನಲ್ಲಿ ರನ್ನನ ಗದಾಯುದ್ಧ ಓದಿದೆ. ಭೀಮನ ಸಿಟ್ಟು ಅವನಿಗೆ ಹಿಡಿಸಿಬಿಟ್ಟಿತು. ಅರ್ಥ ಆಮೇಲೆ ಹೇಳು, ಮೊದಲು ಜೋರಾಗಿ ಓದು ಅನ್ನುತ್ತಿದ್ದ. ಅದು ಸರಿಯಾದ ಕ್ರಮ ಅಂತ ನನಗೂ ಅನ್ನಿಸಿತು. ಈಗ ನನ್ನ ವಿದ್ಯಾರ್ಥಿಗಳಿಗೂ ಹಾಗೇ ಹೇಳುತ್ತೇನೆ.

ಛಂದಸ್ಸಿನಿಂದ ಬ್ಯಾಟಿಂಗ್ ಸುಧಾರಿಸಿತಾ ಅಂತ ಕೇಳುವವರಿದ್ದಾರೆ. ಇಲ್ಲ. ಆಫ್ ಸ್ಟಂಪಿನ ಹೊರಗಿನ ಬಾಲಿಗೆ ಬ್ಯಾಟ್ ಹಾಕುವ ಚಾಳಿಗೆ ಪಂಪನ ಹತ್ತಿರವೂ ಔಷಧಿ ಇರಲಿಲ್ಲ. ಕ್ರೀಸಿಗೆ ಹೋಗುವಾಗ ಪದ್ಯವನ್ನು ಪೆವಿಲಿಯನ್‌ನಲ್ಲೇ ಬಿಟ್ಟು ಹೋಗಬೇಕು.

ಯಾರಾದರೂ ಹೀಗೆ ಮಾಡುವವರಿದ್ದರೆ ಲೈಬ್ರರಿ ಪುಸ್ತಕವನ್ನು ಕಿಟ್‌ಬ್ಯಾಗಿಗೆ ಹಾಕಬೇಡಿ. ಒದ್ದೆ ಗ್ಲೌಸ್ ಪಕ್ಕ ಹಾಳೆ ಉಳಿಯುವುದಿಲ್ಲ. ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಿ. ಬರೆಯಲು ಪೆನ್ಸಿಲ್ ವಾಸಿ, ಬೆವರಿಗೆ ಇಂಕು ಹರಡುತ್ತದೆ.