ಹನ್ನೊಂದು ಸೈಕಲ್, ನಾಲ್ಕು ದಿನ

ದೊಡ್ಡ ಸಮಾವೇಶವೊಂದಕ್ಕೆ ಸೈಕಲ್ಲಿನಲ್ಲೇ ಹೋಗೋಣ ಅಂತ ಹನ್ನೊಂದು ಜನ ಹೊರಟೆವು. 310 ಕಿಲೋಮೀಟರ್, ನಾಲ್ಕು ದಿನ. ಅಷ್ಟು ಜನರಲ್ಲಿ ನನಗೆ ಮೊದಲೇ ಗೊತ್ತಿದ್ದವರು ಇಬ್ಬರೇ.

ಮೊದಲ ದಿನ ಜೋರಾಗಿ ತುಳಿಯುವವರ ಜೊತೆ ನಾನೂ ಮುಂದೆ ಹೋಗಿಬಿಟ್ಟೆ. ಒಂದು ಕಡೆ ನಿಂತು ಅರ್ಧ ಗಂಟೆ ಕಾದೆವು. ಹಿಂದಿನವರು ಬಂದು ಸೇರುವ ಹೊತ್ತಿಗೆ ನಮ್ಮ ದಣಿವು ಆರಿತ್ತು, ಎದ್ದು ಹೊರಟೆವು. ಅವರಿಗೆ ಕೂರುವುದಕ್ಕೂ ಬಿಡುವು ಸಿಗಲಿಲ್ಲ. ಯಾರಿಗೆ ವಿಶ್ರಾಂತಿ ಜಾಸ್ತಿ ಬೇಕೋ ಅವರಿಗೇ ಕಡಿಮೆ! ಸಂಜೆ ಅವರ ಮುಖ ನೋಡಿ ತುಂಬಾ ಬೇಜಾರಾಯಿತು.

ಆ ರಾತ್ರಿ ಕೂತು ಮಾತಾಡಿದೆವು. ಕೊನೆಯವರು ಬಂದ ಮೇಲೆಯೇ ವಿಶ್ರಾಂತಿಯ ಲೆಕ್ಕ ಶುರು. ನಿಧಾನ ಇರುವವರು ಸಾಲಿನಲ್ಲಿ ಎರಡನೆಯವರು. ಪಂಪು, ಪಾನಾ ಇಟ್ಟುಕೊಂಡು ಅನುಭವ ಇರುವ ಒಬ್ಬರು ಎಲ್ಲರಿಗಿಂತ ಹಿಂದೆ.

ಎರಡನೇ ದಿನ ಎದುರುಗಾಳಿ. ಮುಂದಿನವರ ಚಕ್ರಕ್ಕೆ ಹತ್ತಿರವಾಗಿ ಹೋದರೆ ಗಾಳಿಯ ಹೊಡೆತ ತುಂಬಾ ಕಡಿಮೆ, ಒಳ್ಳೆ ವೇಗದಲ್ಲಿದ್ದರೆ ಕಾಲು ಭಾಗಕ್ಕಿಂತ ಜಾಸ್ತಿ ಶ್ರಮ ಉಳಿಯುತ್ತದೆ. ಅದಕ್ಕೇ ಐದೈದು ನಿಮಿಷಕ್ಕೆ ಮುಂದಿನವರು ಬದಲಾಗುತ್ತಿದ್ದೆವು. ಮುಂದೆ ಇರುವವರು ಗುಂಡಿ ಕಂಡರೆ ಕೈ ತೋರಿಸಬೇಕು, ದಿಢೀರ್ ಬ್ರೇಕ್ ಹಾಕಬಾರದು. ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ, ನಿಮ್ಮ ಬೆನ್ನು ಮಾತ್ರ ಕಾಣುತ್ತದೆ. ಹೆಸರೂ ಸರಿಯಾಗಿ ಗೊತ್ತಿಲ್ಲದವರ ಕೈಸನ್ನೆ ನಂಬಿ ಸೈಕಲ್ ಓಡಿಸಿದ್ದು ನನಗೆ ಅದೇ ಮೊದಲು.

ಮೂರನೇ ದಿನ ನನ್ನ ಹಿಂದಿನ ಚಕ್ರ ಪಂಕ್ಚರ್. ಚೀಲದಿಂದ ಹೊಸ ಟ್ಯೂಬ್ ತೆಗೆದರೆ ಅದರದ್ದು ದಪ್ಪ ವಾಲ್ವ್, ನನ್ನ ರಿಮ್ಮಿನ ತೂತು ಸಣ್ಣದು. ಹೋಗುವುದೇ ಇಲ್ಲ. (ಹೊರಡುವ ಮೊದಲು ಇದನ್ನು ನೋಡಿಕೊಳ್ಳಿ, ದಯವಿಟ್ಟು.) ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಅಕ್ಕ ಸೈಕಲ್ ಮಲಗಿಸಿ ಪಕ್ಕದಲ್ಲಿ ಕೂತರು. ಅಲ್ಲಿಯವರೆಗೆ ನಾವಿಬ್ಬರೂ ಮಾತೇ ಆಡಿರಲಿಲ್ಲ.

"ಬಿಡಿ, ಹಳೇ ಟ್ಯೂಬನ್ನೇ ಸರಿ ಮಾಡೋಣ" ಅಂದರು. ಟೈರಿನ ಒಳಗೆ ಬೆರಳಾಡಿಸುತ್ತಾ ನಿಧಾನಕ್ಕೆ ಒಂದು ಸುತ್ತು ಬಂದರು. ಒಂದು ಕಡೆ ಬೆರಳು ನಿಂತಿತು. ಕೂದಲಿನಷ್ಟು ಸಣ್ಣ ತಂತಿಯ ಚೂರು. ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು. ಟ್ಯೂಬ್ ಉಜ್ಜಿ ಸೊಲ್ಯೂಷನ್ ಹಚ್ಚಿದ ಕೂಡಲೇ ನಾನು ಪ್ಯಾಚ್ ಅಂಟಿಸಲು ಹೋದೆ. ಕೈ ಹಿಡಿದು ತಡೆದರು. "ಒಣಗಲಿ ಇರಿ. ಹಸಿಯಲ್ಲಿ ಅಂಟಿಸಿದ್ರೆ ಎದ್ದು ಬರುತ್ತೆ. ಎಲ್ಲರೂ ಇಲ್ಲೇ ಇದ್ದಾರಲ್ಲ, ಅವಸರ ಯಾಕೆ?"

ತಲೆ ಎತ್ತಿ ನೋಡಿದೆ. ಉಳಿದ ಒಂಬತ್ತು ಜನ ನಮಗೂ ಬಿಸಿಲಿಗೂ ಅಡ್ಡವಾಗಿ ನಿಂತಿದ್ದರು. ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಗಂಟಲು ಕಟ್ಟಿ ಬಂತು.

ನಾಲ್ಕನೇ ದಿನ ಸಂಜೆ ಸಮಾವೇಶದ ಬಾಗಿಲು ತಲುಪಿದೆವು. ಒಳಗೆ ಸಾವಿರಾರು ಜನ. ಯಾರೂ ಹೇಳಲಿಲ್ಲ, ಆದರೂ ಮುಂದಿದ್ದವರು ನಿಂತು ಹಿಂತಿರುಗಿ ಎಣಿಸಿದರು. ಹನ್ನೊಂದು ಆದ ಮೇಲೆಯೇ ಒಳಗೆ ಹೋದದ್ದು.

ವಾಪಸ್ ಹೊರಡುವ ದಿನ ಅಕ್ಕನ ಹತ್ತಿರ ಹೋಗಿ ಪಂಪು ಕೇಳಿ ತೆಗೆದುಕೊಂಡೆ. ಬರುವ ದಾರಿಯುದ್ದಕ್ಕೂ ಎಲ್ಲರಿಗಿಂತ ಹಿಂದೆ ನಾನೇ ಇದ್ದೆ.