ಬೆಳಗಿನ ಜಾವ ಚಾಲೂ ಆಗದ ಗಾಡಿ

ಹೊಗೆ ಬರುತ್ತಿದೆಯಾ, ಇಲ್ವಾ? ಗಾಡಿ ಚಾಲೂ ಆಗುತ್ತಿಲ್ಲ ಅಂತ ಯಾರೇ ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಇದನ್ನೇ. ಈ ಅಭ್ಯಾಸ ನನಗೆ ಬಂದದ್ದು ನನ್ನದೇ ಗಾಡಿ ಕೈಕೊಟ್ಟ ಒಂದು ಕಬ್ಬಿನ ಹಂಗಾಮಿನಲ್ಲಿ.

ಮುಧೋಳದ ಹತ್ತಿರ ನಮ್ಮ ಊರು. ಗ್ಯಾರೇಜಿನಲ್ಲಿ ಆರು ವರ್ಷ ಕೆಲಸ ಕಲಿತು, ಆಮೇಲೆ ಒಂದು ಹಳೆ ಲಾರಿ ತೆಗೆದುಕೊಂಡೆ. ಆರು ಸಿಲಿಂಡರ್, ಅವಕ್ಕೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಹಳೆ ಮಾದರಿಯ ಇನ್‌ಲೈನ್ ಪಂಪ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು, ಹಂಗಾಮು ಮುಗಿದ ಮೇಲೆ ಗೋವಿನಜೋಳ, ಕಲ್ಲು, ಸಿಮೆಂಟ್. ಡ್ರೈವರ್ ನಾನೇ, ರಿಪೇರಿಯೂ ಆದಷ್ಟು ನಾನೇ.

ಆ ವರ್ಷ ಡಿಸೆಂಬರ್ ಚಳಿ ಶುರುವಾದಾಗ ಬೆಳಗಿನ ಜಾವ ಗಾಡಿ ತಕರಾರು ಮಾಡತೊಡಗಿತು. ಮೊದಲು ಎರಡು ಸಲ ಸೆಲ್ಫ್ ಹೊಡೆದರೆ ಚಾಲೂ ಆಗುತ್ತಿತ್ತು. ಆಮೇಲೆ ನಾಲ್ಕು, ಆಮೇಲೆ ಏಳೆಂಟು. ಒಮ್ಮೆ ಚಾಲೂ ಆದರೆ ಮುಗೀತು, ಇಡೀ ದಿನ ಎಳೆತದಲ್ಲಿ ಏನೂ ಕಡಿಮೆ ಇಲ್ಲ. ಆದರೆ ಕಾರ್ಖಾನೆ ಯಾರ್ಡಿನಲ್ಲಿ ನಾಲ್ಕೈದು ತಾಸು ಪಾಳಿಯಲ್ಲಿ ನಿಂತರೆ ಮತ್ತೆ ಅದೇ ಕಥೆ. ಕ್ಲೀನರ್ ಹುಡುಗ ಹೆದರಿಬಿಟ್ಟಿದ್ದ.

"ಅಣ್ಣಾ, ಬಂದ್ ಮಾಡಬ್ಯಾಡ್ರಿ. ಪಾಳಿ ಬಂದಾಗ ಚಾಲೂ ಆಗ್ಲಿಲ್ಲಂದ್ರ ಹಿಂದಿನವ್ರು ಸುಮ್ನ ಬಿಡೂದಿಲ್ಲ."

ಹೀಗೆ ಎಷ್ಟೋ ಗಾಡಿಗಳು ಯಾರ್ಡಿನಲ್ಲಿ ರಾತ್ರಿಯೆಲ್ಲಾ ಸುಮ್ನೆ ಉರಿಯುತ್ತಾ ನಿಲ್ಲುತ್ತವೆ. ಡೀಸೆಲ್ ಖರ್ಚು, ಹೊಗೆ, ಪಕ್ಕದಲ್ಲಿ ಮಲಗಿದವರಿಗೆ ನಿದ್ದೆ ಇಲ್ಲ. ನನಗೆ ಅದು ಸರಿ ಕಾಣುತ್ತಿರಲಿಲ್ಲ.

ತೋರಿಸಿದ ಕಡೆಯೆಲ್ಲಾ ಒಂದೇ ಮಾತು. "ಪಂಪ್ ಹೋಗೈತಿ. ಇಳಿಸಿ ಕೊಡ್ರಿ, ಬೆಂಚಿಗೆ ಹಾಕಿಸೂಣು." ಪಂಪ್ ಇಳಿಸಿ ಪರೀಕ್ಷೆಯ ಬೆಂಚಿಗೆ ಕೊಟ್ಟರೆ ಹಂಗಾಮಿನ ನಡುವೆ ಗಾಡಿ ವಾರಗಟ್ಟಲೆ ನಿಲ್ಲುತ್ತದೆ. ನಮ್ಮನ್ನೇ ನಂಬಿಕೊಂಡ ಕಡಿಯುವ ಗ್ಯಾಂಗು ಹೊಲದಲ್ಲಿ ಕೂರಬೇಕಾಗುತ್ತದೆ. ಇಳಿಸುವ ಮೊದಲು ಪಂಪಿನದೇ ತಪ್ಪು ಅಂತ ನನಗೆ ಗೊತ್ತಾಗಬೇಕಿತ್ತು.

ಡೀಸೆಲ್ ಇಂಜಿನ್‌ಗೆ ಪ್ಲಗ್ ಇಲ್ಲ, ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು ಹದಿನೇಳು ಪಟ್ಟು ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿಗಿಂತ ಜಾಸ್ತಿ ಬಿಸಿಯಾಗುತ್ತದೆ. ಆ ಬಿಸಿಗೆ ನೋಝಲ್‌ನಿಂದ ಮಂಜಿನಂತೆ ಬಿದ್ದ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಅಂದರೆ ಇಂಜಿನ್ ಸಾಕಷ್ಟು ಜೋರಾಗಿ ತಿರುಗಬೇಕು, ಗಾಳಿ ಸರಿಯಾಗಿ ಒತ್ತಬೇಕು (ಇದೇ ಕಂಪ್ರೆಷನ್), ಹೊತ್ತಿಗೆ ಸರಿಯಾಗಿ ಡೀಸೆಲ್ ಬರಬೇಕು. ನಿಧಾನ ತಿರುಗಿದರೆ ಗಾಳಿ ಪಿಸ್ಟನ್ ರಿಂಗಿನ ಸಂದಿಯಿಂದ ಸೋರಿಹೋಗುತ್ತದೆ, ಇದ್ದ ಬಿಸಿಯನ್ನೂ ತಣ್ಣನೆ ಬ್ಲಾಕ್ ಎಳೆದುಕೊಳ್ಳುತ್ತದೆ. ಚಳಿಯಲ್ಲಿ ತೊಂದರೆ ಎದ್ದು ಕಾಣುವುದು ಅದಕ್ಕೇ.

ಹಾಗಾಗಿ ಮೊದಲು ಸೆಲ್ಫ್ ಕಡೆ ನೋಡಿದೆ. ಎರಡು ಬ್ಯಾಟರಿ ಸೇರಿ 24 ವೋಲ್ಟ್. ನಿಂತಾಗ ಒಂದೊಂದೂ 12.5 ತೋರಿಸುತ್ತಿತ್ತು, ಬ್ಯಾಟರಿ ಚೆನ್ನಾಗಿದೆ ಅನ್ನಿಸಿತು. ಆದರೆ ನಿಂತಾಗಿನ ವೋಲ್ಟ್ ನೋಡಿ ಮೋಸ ಹೋಗಬಾರದು. ಕ್ಲೀನರ್‌ಗೆ ಸೆಲ್ಫ್ ಹೊಡೆಯಲು ಹೇಳಿ ಮೀಟರಿನ ಒಂದು ವೈರ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ನೇರ ಇಂಜಿನ್ ಬ್ಲಾಕಿಗೆ ಇಟ್ಟೆ. ಅಲ್ಲಿ ಹೆಚ್ಚೆಂದರೆ ಅರ್ಧ ವೋಲ್ಟ್ ಕಾಣಬೇಕು. ನನಗೆ ಕಂಡದ್ದು 1.9. ಬ್ಯಾಟರಿಯಿಂದ ಹೊರಟ ಶಕ್ತಿ ಸೆಲ್ಫ್ ಮೋಟರ್ ಮುಟ್ಟದೆ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು.

ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ಅರ್ಥಿಂಗ್ ಪಟ್ಟಿ ಗಾಡಿಯ ಚಾಸಿಗೆ ಕೂತ ಜಾಗ ಬಿಚ್ಚಿದೆ. ಮೇಲೆ ನೋಡಲು ಬೋಲ್ಟ್ ಬಿಗಿಯಾಗೇ ಇತ್ತು. ಕೆಳಗೆ ಬಣ್ಣ, ತುಕ್ಕು, ಅದರ ಮೇಲೆ ಎರಿ ಮಣ್ಣಿನ ಒಂದು ಪದರ. ಉಸುಕಿನ ಕಾಗದದಿಂದ ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ತಿಕ್ಕಿದೆ. ಪಟ್ಟಿಯ ತುದಿಯನ್ನೂ ತಿಕ್ಕಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಮೀಟರ್ 0.2ಕ್ಕೆ ಇಳಿಯಿತು. ಇಂಜಿನ್ ತಿರುಗುವ ಸದ್ದೇ ಬೇರೆಯಾಯಿತು.

ಖುಷಿಯಾಯಿತು, ಆದರೆ ಕೆಲಸ ಮುಗಿದಿರಲಿಲ್ಲ. ಮರುದಿನ ಬೆಳಗ್ಗೆ ಎಂಟು ಸಲದ ಬದಲು ಐದು ಸಲಕ್ಕೆ ಚಾಲೂ ಆಯಿತು, ಅಷ್ಟೇ. ಹಳೆ ಗಾಡಿಯಲ್ಲಿ ತಪ್ಪು ಒಂದೇ ಇರುವುದು ಕಡಿಮೆ. ಒಂದನ್ನು ಸರಿ ಮಾಡಿದಾಗಲೇ ಇನ್ನೊಂದು ಸ್ಪಷ್ಟವಾಗಿ ಕಾಣುವುದು.

ಅವತ್ತೇ ನಾನು ಹೊಗೆ ನೋಡಲು ಕೂತದ್ದು. ಕ್ಲೀನರ್ ಸೆಲ್ಫ್ ಹೊಡೆಯುತ್ತಿದ್ದ, ನಾನು ಸೈಲೆನ್ಸರ್ ಪೈಪಿನ ಹಿಂದೆ ಟಾರ್ಚ್ ಹಿಡಿದು ಕೂತಿದ್ದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡ, ನಡುವೆ ಒಂದು ನಿಮಿಷ ಬಿಡು ಅಂದಿದ್ದೆ. ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ. ಮೊದಲ ಮೂರು ಸಲ ಒಂದು ಎಳೆ ಹೊಗೆಯೂ ಇಲ್ಲ. ನಾಲ್ಕನೆಯದಕ್ಕೆ ತೆಳ್ಳಗೆ ಬಿಳಿ ಹೊಗೆ. ಐದನೆಯದಕ್ಕೆ ಎರಡು ಮೂರು ಸಿಲಿಂಡರ್ ಹಿಡಿದು, ಕುಂಟುತ್ತಾ ಕುಂಟುತ್ತಾ ಆರೂ ಹಿಡಿದವು.

ಇದರಲ್ಲಿ ಬಹಳ ವಿಷಯ ಇದೆ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರ್ ಮುಟ್ಟುತ್ತಿದೆ, ಹತ್ತುತ್ತಿಲ್ಲ ಅಂತ ಅರ್ಥ. ಆಗ ಕಂಪ್ರೆಷನ್, ಟೈಮಿಂಗ್ (ಡೀಸೆಲ್ ಬೀಳುವ ಹೊತ್ತು), ನೋಝಲ್ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಲೇ ಇಲ್ಲ. ನನ್ನ ಗಾಡಿಗೆ ಮೊದಲ ಮೂವತ್ತು ಸೆಕೆಂಡ್ ಡೀಸೆಲ್ ಇರಲಿಲ್ಲ, ಆಮೇಲೆ ಬಂತು. ಅಂದರೆ ರಾತ್ರಿ ಪೈಪಿನಲ್ಲಿದ್ದ ಡೀಸೆಲ್ ಎಲ್ಲೋ ಹೋಗುತ್ತಿತ್ತು.

ಹೊಗೆ ಇಲ್ಲದಾಗ ಸ್ಟಾಪ್ ಕೇಬಲ್ ಒಂದನ್ನು ಮರೆಯದೆ ನೋಡಿ. ಹಳೆ ಗಾಡಿಯಲ್ಲಿ ಎಳೆದು ಬಂದ್ ಮಾಡುವ ಕೇಬಲ್ ಧೂಳು ಹಿಡಿದು ಪೂರ್ತಿ ವಾಪಸ್ ಹೋಗುವುದಿಲ್ಲ. ಪಂಪ್ ಅರ್ಧ ಬಂದ್ ಆಗೇ ಉಳಿಯುತ್ತದೆ. ಪಂಪಿನ ಹತ್ತಿರ ಲಿವರನ್ನು ಕೈಯಿಂದ ತಳ್ಳಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನನ್ನದು ಸರಿಯಾಗೇ ಇತ್ತು.

ಆಗ ನೆನಪಾಯಿತು. ಟ್ಯಾಂಕ್ ಫುಲ್ ಮಾಡಿದ ಮರುದಿನ ಗಾಡಿ ಅಷ್ಟು ಕಾಡುತ್ತಿರಲಿಲ್ಲ. ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ ದಿನವೂ ಕಾಡುತ್ತಿರಲಿಲ್ಲ. ಸರಿ ಅಂತ ಒಂದು ರಾತ್ರಿ ಬೇಕಂತಲೇ ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ಬೆಳಗ್ಗೆ ಹನ್ನೊಂದು ಸಲ ಹೊಡೆಯಬೇಕಾಯಿತು. ಮರುರಾತ್ರಿ ಮೂತಿ ಕೆಳಗೆ. ಎರಡೇ ಸಲಕ್ಕೆ ಚಾಲೂ. ಟ್ಯಾಂಕ್ ಇಂಜಿನ್‌ಗಿಂತ ಕೆಳಗಿದ್ದಷ್ಟೂ ಡೀಸೆಲ್ ವಾಪಸ್ ಇಳಿಯುತ್ತಿತ್ತು. ಪಂಪ್ ಸವೆದಿದ್ದರೆ ಗಾಡಿ ಹೇಗೆ ನಿಂತಿದೆ ಅನ್ನುವುದರಿಂದ ಇಷ್ಟು ವ್ಯತ್ಯಾಸ ಆಗುತ್ತಿರಲಿಲ್ಲ.

ಡೀಸೆಲ್ ಸುಮ್ನೆ ಇಳಿಯುವುದಿಲ್ಲ. ನೀರಿನಲ್ಲಿ ಅದ್ದಿದ ಕೊಳವೆಯ ಮೇಲಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ನೀರು ಬೀಳುತ್ತದಾ? ಎಲ್ಲೋ ಗಾಳಿ ಒಳಗೆ ಹೋದರೆ ಮಾತ್ರ ಇಳಿಯುತ್ತದೆ. ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಹೊರಗೆ ಡೀಸೆಲ್ ತೊಟ್ಟಿಕ್ಕುವುದೇ ಇಲ್ಲ. "ಎಲ್ಲೂ ಲೀಕ್ ಇಲ್ಲ" ಅಂತ ಎಲ್ಲರೂ ಹೇಳಿದ್ದು ಅದಕ್ಕೇ.

ಅಂಗಡಿಯಿಂದ ಒಂದು ಮೊಳ ಪಾರದರ್ಶಕ ಪೈಪು ತಂದು, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಬರುವ ಲೈನಿನಲ್ಲಿ ಹಾಕಿದೆ. ಇದು ಪರೀಕ್ಷೆಗೆ ಮಾತ್ರ, ಡೀಸೆಲ್‌ಗೆ ಆ ಪೈಪು ಬೇಗ ಗಟ್ಟಿಯಾಗಿ ಒಡೆಯುತ್ತದೆ. ಇಂಜಿನ್ ಓಡುವಾಗ ನೋಡಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದರ ಹಿಂದೆ ಒಂದು. ಸ್ವಲ್ಪ ರೇಸ್ ಕೊಟ್ಟರೆ ಸಾಲು ದಪ್ಪ. ಬಂದ್ ಮಾಡಿದ ಮೇಲೆ ಗುಳ್ಳೆಗಳೆಲ್ಲಾ ನಿಧಾನಕ್ಕೆ ಮೇಲೇರಿ ಒಂದಾದವು. ಬೆಳಗ್ಗೆ ಪೈಪು ಪೂರ್ತಿ ಖಾಲಿ.

ಈಗ ಗಾಳಿ ಎಲ್ಲಿಂದ? ಟ್ಯಾಂಕಿನ ಕಡೆಯಿಂದಲಾ, ಇಂಜಿನ್ ಕಡೆಯಿಂದಲಾ? ಐದು ಲೀಟರಿನ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಸೈಲೆನ್ಸರ್ ಬಿಸಿಯಿಂದ ದೂರ, ಇಂಜಿನ್‌ಗಿಂತ ಎತ್ತರದಲ್ಲಿ ಕಟ್ಟಿದೆ. ಟ್ಯಾಂಕಿನ ಲೈನ್ ಬಿಚ್ಚಿ, ಕ್ಯಾನಿನಿಂದ ನೇರ ಫೀಡ್ ಪಂಪಿಗೆ ಹೊಸ ಪೈಪು. ಮಿಕ್ಕ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಬೇಕು, ಇಲ್ಲದಿದ್ದರೆ ಕ್ಯಾನಿನ ಡೀಸೆಲ್ ಟ್ಯಾಂಕಿಗೆ ಹೋಗಿ ಬೇಗ ಮುಗಿಯುತ್ತದೆ. ಪೈಪಿನೊಳಗಿನ ಗಾಳಿ (ಏರ್) ತೆಗೆದು, ಚಾಲೂ ಮಾಡಿ, ಬಂದ್ ಮಾಡಿದೆ. ಇಂಜಿನ್ ಕೆಳಗೆ ಒಂದು ರಟ್ಟು ಹಾಸಿ ಮಲಗಲು ಹೋದೆ. ಕ್ಯಾನ್ ಮೇಲಿರುವಾಗ ಒತ್ತಡ ಒಳಗಿನಿಂದ ಹೊರಕ್ಕೆ. ಫೀಡ್ ಪಂಪ್, ಹ್ಯಾಂಡ್ ಪಂಪ್, ಫಿಲ್ಟರ್ ಎಲ್ಲಿ ಸಂದಿ ಇದ್ದರೂ ರಟ್ಟಿನ ಮೇಲೆ ಕಲೆ ಬೀಳಲೇಬೇಕು.

ಬೆಳಗ್ಗೆ ಐದಕ್ಕೆ ಎದ್ದೆ. ಕೈ ಮರಗಟ್ಟುವ ಚಳಿ. ರಟ್ಟಿನ ಮೇಲೆ ಒಂದು ಕಲೆಯೂ ಇಲ್ಲ. ಸೆಲ್ಫ್ ಹೊಡೆದೆ. ಎರಡು ಸುತ್ತು ತಿರುಗಿದ್ದೇ ಆರೂ ಸಿಲಿಂಡರ್ ಒಟ್ಟಿಗೆ ಹಿಡಿದವು. ಮನೆಯವರೆಲ್ಲಾ ಎದ್ದು ಹೊರಗೆ ಬಂದರು. ಪಂಪ್, ನೋಝಲ್, ಕಂಪ್ರೆಷನ್ ಯಾವುದರದ್ದೂ ತಪ್ಪಿಲ್ಲ ಅಂತ ಆ ಒಂದು ಸದ್ದು ಹೇಳಿಬಿಟ್ಟಿತು.

ಉಳಿದದ್ದು ಟ್ಯಾಂಕಿನಿಂದ ಬರುವ ದಾರಿ. ಗಾಡಿ ಕೆಳಗೆ ಅಂಗಾತ ಮಲಗಿ ಪೈಪಿನ ಉದ್ದಕ್ಕೂ ಬೆರಳು ಆಡಿಸುತ್ತಾ ಹೋದೆ. ಎಲ್ಲಾ ಕಡೆ ಧೂಳು ಒಣಗಿ ಪುಡಿಪುಡಿ. ಸ್ಪ್ರಿಂಗ್ ಬ್ರಾಕೆಟ್ ಹತ್ತಿರ, ರಬ್ಬರ್ ಪೈಪಿನ ಕ್ಲಿಪ್ ಇರುವಲ್ಲಿ ಮಾತ್ರ ಧೂಳು ಕಪ್ಪಗೆ, ಬೆರಳಿಗೆ ಜಿಗುಟು. ಕ್ಲಿಪ್ ಬಿಚ್ಚಿ ಪೈಪನ್ನು ಸ್ವಲ್ಪ ಬಗ್ಗಿಸಿದೆ. ಮೇಲಿನಿಂದ ನೆಟ್ಟಗೆ ಕಂಡ ರಬ್ಬರು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಬಗ್ಗಿಸಿದಾಗ ಬಾಯಿ ಬಿಡುತ್ತಿದ್ದವು. ಯಾರೋ ಹಿಂದೆ ಕ್ಲಿಪ್ಪನ್ನು ಅತಿ ಬಿಗಿ ಮಾಡಿದ್ದರು.

ಎರಡು ಮೀಟರ್ ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು, ಫಿಲ್ಟರ್, ಹೊಸ ತಾಮ್ರದ ವಾಷರ್‌ಗಳು. ವಾಷರ್ ಹಳೆಯದನ್ನೇ ಹಾಕಬೇಡಿ, ಬೋಲ್ಟ್ ಬಿಚ್ಚಿದ ಕಡೆಯೆಲ್ಲಾ ಹೊಸದು ಹಾಕಿ. ಆಮೇಲೆ ಏರ್ ತೆಗೆಯುವುದು: ಮೊದಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಹ್ಯಾಂಡ್ ಪಂಪ್ ಹೊಡೆದು ಬಿಗಿ ಮಾಡಿದೆ. ಆಮೇಲೆ ಪಂಪಿನ ಸ್ಕ್ರೂ. ಕೊನೆಗೆ ನೋಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹಾಕಿ, ಸೆಲ್ಫ್ ಹೊಡೆಸಿದೆ. ಅಲ್ಲಿ ಮಾತ್ರ ಕೈ, ಮುಖ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಸೂಜಿ ಚುಚ್ಚಿದಷ್ಟು ಸಣ್ಣ ಗಾಯ ಕಂಡರೂ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು. ಬೆರಳೇ ಹೋಗಬಹುದು.

ಚಳಿಯಲ್ಲಿ ಏರ್ ಕ್ಲೀನರ್ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವವರನ್ನು, ಬೇಗ ಹತ್ತಿಕೊಳ್ಳುವ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವವರನ್ನು ನಾನು ಬಹಳ ನೋಡಿದ್ದೇನೆ. ದಯವಿಟ್ಟು ಬೇಡ. ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಸ್ಪ್ರೇ ಹತ್ತಿಕೊಂಡು ರಿಂಗು ಮುರಿಯಬಹುದು. ಆಮೇಲೆ ಸ್ಪ್ರೇ ಇಲ್ಲದೆ ಗಾಡಿ ಚಾಲೂ ಆಗುವುದೇ ಇಲ್ಲ.

ಅದೇ ತಿಂಗಳು ಜಮಖಂಡಿ ಕಡೆಯ ನಮ್ಮ ಮಾವನ ಗಾಡಿಗೂ ಇದೇ ತೊಂದರೆ ಬಂತು. ಫೋನಿನಲ್ಲೇ ಕೇಳಿದೆ, ಹೊಗೆ ಬರ್ತೈತೇನು ಅಂತ. "ದಂಡಿ ಬಿಳಿ ಹೊಗಿ, ಕಣ್ಣಾಗ ನೀರು ಬರ್ತಾವ" ಅಂದರು. ಹೋಗಿ ನೋಡಿದರೆ ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಹಬೆ ಬುಸುಬುಸು ಬರುತ್ತಿತ್ತು. ಟ್ಯಾಪೆಟ್ (ವಾಲ್ವಿನ ಸಂದಿ) ಸೆಟ್ ಮಾಡಿದೆ, ಸ್ವಲ್ಪ ಸುಧಾರಿಸಿತು. ಕಂಪ್ರೆಷನ್ ಅಳೆದಾಗ ಎರಡು ಸಿಲಿಂಡರ್ ಉಳಿದವುಗಳಿಗಿಂತ ಬಹಳ ಕಡಿಮೆ. ಅದಕ್ಕೆ ಪೈಪು ಬದಲಿಸಿ ಏನು ಉಪಯೋಗ? ಇಂಜಿನ್ ಬಿಚ್ಚಲೇಬೇಕು. ಹಂಗಾಮು ಮುಗಿಯುವ ತನಕ ಉರುಳಿಸಿ ಚಾಲೂ ಮಾಡಲು ಬರುವಂತೆ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ರಾತ್ರಿ ಇಂಜಿನ್ ಮೇಲೆ ಗೋಣಿತಟ್ಟು ಹೊದಿಸಿ ಅಂದೆ. ಬೆಳಗ್ಗೆ ಚಾಲೂ ಮಾಡುವ ಮೊದಲು ತಟ್ಟು ತೆಗೆಯಲು ಮರೆಯಬೇಡಿ ಅಂತ ಸ್ಟೇರಿಂಗಿಗೇ ಒಂದು ಚೀಟಿ ಕಟ್ಟಿ ಬಂದೆ. ಯುಗಾದಿ ಆದ ಮೇಲೆ ಇಬ್ಬರೂ ಕೂಡಿ ಅದರ ಹೆಡ್ ಇಳಿಸಿದೆವು.